(ಸಮಸ್ಯಾಪೂರಣ: ಕೊಟ್ಟ ಕೊನೆಯ ಸಾಲಿಗೆ, ಅಂದರೆ ಸಮಸ್ಯೆಗೆ, ಮೇಲಿನ ಸಾಲುಗಳನ್ನು ಕಟ್ಟಿ ಪದ್ಯ ಪೂರ್ತಿ ಮಾಡುವ ಆಟ. ಮಾತಾಡುವವರನ್ನು ಊರಿನ ಹೆಸರಿನಿಂದ ಗುರುತಿಸಿದೆ.)

ಸಮಸ್ಯೆ: ಇಂದು ಹುಟ್ಟಿದ ಕೂಸು ಯುಗಯುಗದಾಚೆಗಿನ ಹಿರಿಯ

ಸಮಸ್ಯೆ ಕೊಟ್ಟವರು (ಮೈಸೂರು): ಈ ವಾರದ ಸಾಲು ನನ್ನದಲ್ಲ. 6ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ರೊಮಾನೊಸ್ ಎಂಬ ಗ್ರೀಕ್ ಕವಿಯದು. ಅವನ ಕ್ರಿಸ್ತಜಯಂತಿಯ ಹಾಡಿನ ಪಲ್ಲವಿ: "ಪೆದೀಯೊನ್ ನೇಯೊನ್, ಒ ಪ್ರೊ ಎಯೋನೊನ್ ಥೆಯೋಸ್". ಎಳೆಯ ಕೂಸು, ಯುಗಗಳಿಗೂ ಮೊದಲಿನ ದೇವರು. ಹಾಡಿಗೆ 24 ನುಡಿ (ಪದ್ಯ), ಇಪ್ಪತ್ತನಾಲ್ಕೂ ಬಂದು ನಿಲ್ಲುವುದು ಈ ಸಾಲಿನಲ್ಲೇ. ಒಂದು ಸಮಸ್ಯೆಗೆ ಒಬ್ಬನೇ ಕೊಟ್ಟ 24 ಪೂರಣ ಅನ್ನಿಸಿ ನನಗೆ ಮೈ ಜುಮ್ಮೆಂದಿತು. ಆರು ಸಾಲಿನ ಭಾಮಿನಿ ಷಟ್ಪದಿಗೆ ಹೊಂದಿಸಿ ಕೊಟ್ಟಿದ್ದೇನೆ. ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ಬಿಂದುವಿನ (ಅನುಸ್ವಾರದ) ಮುಂದೆ ದಕಾರ.

ಶಿರಸಿ: ಮೇಷ್ಟ್ರೇ, ಕಥೆಗೆ ನಿಷ್ಠವಾಗಿಯೇ ಒಂದು ಪ್ರಯತ್ನ.

ಮಂದೆ ಕಾಯ್ವರು ದೂತರೊಂದಿಗೆ
ಹೊಂದಿ ಹಾಡಲು ತಾರೆ ಬೆಳಕಲಿ
ಬಂದ ಬಲ್ಲವರೆಲ್ಲ ಗವಿಯೊಳಗಿಣುಕಿ ಬೆರಗಾಗೆ
ಕಂದನನು ಮಡಿಲಲ್ಲಿ ಹೊತ್ತವ
ಳೆಂದಳೊಲವಲಿ ತಾಯಿ ಮರಿಯಳು
ಇಂದು ಹುಟ್ಟಿದ ಕೂಸು ಯುಗಯುಗದಾಚೆಗಿನ ಹಿರಿಯ

ಮೈಸೂರು: ಸೊಗಸು. ಮೂಲದ ಪೀಠಿಕೆಯಲ್ಲಿ ಇದೇ ಬಳಗವಿದೆ: ಗವಿ, ಕುರುಬರು, ದೂತರು, ನಕ್ಷತ್ರ ಹಿಡಿದು ಬಂದ ಜ್ಞಾನಿಗಳು. ಮಾತನ್ನು ತಾಯಿಯ ಬಾಯಲ್ಲಿ ಆಡಿಸಿದ್ದರಿಂದ ಕೂಸೇ ಹಿರಿಯ ಎಂಬ ವಿರೋಧ ತಾನಾಗಿಯೇ ಕರಗಿತು.

ಧಾರವಾಡ: ಭಾಳ ಚಂದ ಆಗ್ಯದ. ನನಗೊಂದು ಸಂಶಯ ಸರ್. ಇಂಥಾ ಹಾಡು ಬರದಿಟ್ಟ ಹಳೇ ಹಾಳಿಯೊಳಗ ಸಾಲು ಎಲ್ಲಿ ಮುಗೀತದ ಅಂತ ಹೆಂಗ ತಿಳೀತದ?

ಮೈಸೂರು: ಒಳ್ಳೆಯ ಪ್ರಶ್ನೆ. ನಮ್ಮ ತಾಳೆಗರಿಯ ಹಾಗೆಯೇ, ಅಲ್ಲೂ ತೊಗಲಿನ ಹಾಳೆಯ ಮೇಲೆ ಪದ್ಯವನ್ನು ಗದ್ಯದಂತೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಯುರೋಪಿನ ವಿದ್ವಾಂಸರು ಬಹುಕಾಲ ಇವನ್ನು ಗದ್ಯವೆಂದೇ ತಿಳಿದಿದ್ದರು. ಫ್ರಾನ್ಸಿನ ಪಿತ್ರಾ ಎಂಬ ಸನ್ಯಾಸಿ 1859ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದು ಹಸ್ತಪ್ರತಿ ನೋಡುವಾಗ ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರು. ಚುಕ್ಕೆಯಿಂದ ಚುಕ್ಕೆಗೆ ಅಕ್ಷರ ಎಣಿಸಿದರೆ ನುಡಿ ನುಡಿಗೂ ಲೆಕ್ಕ ಸರಿಹೋಯಿತು. ಅವರಲ್ಲಿ ಮಾತ್ರೆಯಿಲ್ಲ, ಅಕ್ಷರದ ಎಣಿಕೆ ಮತ್ತು ಒತ್ತು ಬೀಳುವ ಜಾಗ. ಮೊದಲ ನುಡಿ ಹೇಗೋ ಉಳಿದವೂ ಹಾಗೆ.

ಬೆಂಗಳೂರು: ನನ್ನ ಪೂರಣ ಆ ಹಾಳೆಯ ಬಗ್ಗೆಯೇ.

ಸಂದ ಕಾಲದ ತೊಗಲ ಹಾಳೆಯ
ಕಂದಿದಕ್ಕರಗಳನು ಕೂಡಿಸ
ಲೊಂದೆ ಪಲ್ಲವಿ ಹರಿದ ಸಾಲ್ಗಳ ನಡುವೆ ಮೊಳಗಿದುದು
ಅಂದು ಹಾಡಿದ ಕವಿಯ ನುಡಿಯಿದು
ಬಂಧ ಹರಿದೀ ಮಡಿಲ ಸೇರಿತು
ಇಂದು ಹುಟ್ಟಿದ ಕೂಸು ಯುಗಯುಗದಾಚೆಗಿನ ಹಿರಿಯ

ಮೈಸೂರು: ಅಕ್ಕಾ, ಹಾಡನ್ನೇ ಕೂಸು ಮಾಡಿದಿರಿ! ನನಗೆ ಹೊಳೆದೇ ಇರಲಿಲ್ಲ. ಐದನೆಯ ಸಾಲು ಮಾತ್ರ ನೋಡಿ, "ಬಂಧ"ದಲ್ಲಿ ಧಕಾರ ಬಂತು.

ಬೆಂಗಳೂರು: ಹೌದಲ್ಲ! "ಬಂದು ನನ್ನಯ ಮಡಿಲ ಸೇರಿತು" ಎಂದು ತಿದ್ದಿಕೊಳ್ಳಿ.

ಮೈಸೂರು: ಪ್ರಾಸ ಇಲ್ಲಿ ಮಾಡಿದ ಕಾವಲನ್ನು ಗ್ರೀಕಿನಲ್ಲಿ ನುಡಿಗಳ ಮೊದಲಕ್ಷರ ಮಾಡುತ್ತದೆ. ಆ 24 ಅಕ್ಷರ ಕೂಡಿಸಿ ಓದಿದರೆ "ದೀನ ರೊಮಾನೊಸನ ಹಾಡು" ಎಂದಾಗುತ್ತದೆ. ನಡುವೆ ಒಂದು ನುಡಿ ಬಿದ್ದುಹೋಗಿದ್ದರೆ ಹೆಸರೇ ಮುಕ್ಕಾಗಿ ಕಾಣುತ್ತದೆ. ಮುಕ್ಕಾದದ್ದು ಕಡಿಮೆಯೇನಲ್ಲ. ಮುಂದೆ ಪೂಜೆಯಲ್ಲಿ ಬೇರೆ ಬಗೆಯ ಹಾಡು ಬಳಕೆಗೆ ಬಂದು, ಇಂಥ ದೀರ್ಘ ಹಾಡುಗಳಲ್ಲಿ ಪೀಠಿಕೆಯನ್ನೂ ಮೊದಲ ನುಡಿಯನ್ನೂ ಮಾತ್ರ ಉಳಿಸಿಕೊಂಡರು. ಪೂರ್ತಿ ಪಾಠಕ್ಕೆ ಪಾಟ್ಮೊಸ್ ದ್ವೀಪದ ಮಠದ 11ನೆಯ ಶತಮಾನದ ಎರಡು ಹಸ್ತಪ್ರತಿಗಳಂಥವನ್ನು ಆಶ್ರಯಿಸಬೇಕು. ಉಳಿದದ್ದು ತುಣುಕುಗಳಲ್ಲಿ. ಸೀನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ 1975ರಲ್ಲಿ ಮುಚ್ಚಿಹೋಗಿದ್ದ ಕೋಣೆಯೊಂದು ತೆರೆದಾಗ ಹಾಳೆಗಳ ರಾಶಿಯೇ ಸಿಕ್ಕಿತು.

ಈಗ ನಿಮಗೊಂದು ಗ್ರಂಥಪಾತ, ಅಂದರೆ ಪ್ರತಿಯಲ್ಲಿ ಬಿದ್ದುಹೋದ ಸಾಲು; ತುಂಬಿಕೊಡಿ. ಕಥೆ ಹೀಗಿದೆ: ರೊಮಾನೊಸನಿಗೆ ಮೊದಲು ಹಾಡಲು ಬರುತ್ತಿರಲಿಲ್ಲ, ಕನಸಿನಲ್ಲಿ ಮರಿಯಳು ಬಂದು ಒಂದು ಸುರುಳಿ ತಿನ್ನಿಸಿದಳು, ಎದ್ದವನೇ ಹಾಡಿದ. ನಾಲ್ಕನೆಯ ಸಾಲು ಹುಳು ತಿಂದಿದೆ.

ನಿಂದನಾತನು ಕಂಠ ಬಾರದೆ
ಬಂದು ಕನಸಲಿ ತಾಯಿ ಮರಿಯಳು
ತಂದ ಸುರುಳಿಯ ತಿನ್ನು ಮಗನೇ ತಿನ್ನು ನೀನೆನ್ನೆ
… … … … … … …
ಮಂದಿಯೆದುರಲಿ ಬಾಯ ತೆರೆಯಲು
ಇಂದು ಹುಟ್ಟಿದ ಕೂಸು ಯುಗಯುಗದಾಚೆಗಿನ ಹಿರಿಯ

ಧಾರವಾಡ: ಹದಿನಾಕು ಮಾತ್ರೆ, ಮೂರು-ನಾಕು-ಮೂರು-ನಾಕು. ಅಲ್ಲೇ ಎದುರಿಗೆ "ತಿನ್ನು" ಅದ, ಅಂದಮ್ಯಾಲೆ "ತಿಂದ" ಅಂತನ ಸುರು ಆಗಬೇಕು: "ತಿಂದನೆಚ್ಚತ್ತೇರೆ ಪೀಠವ".

ಶಿರಸಿ: ನಾನೂ "ತಿಂದ" ಎಂದೇ ಹಿಡಿದೆ: "ತಿಂದನಾ ತೊಗಲೋಲೆಯೆಲ್ಲವ".

ಮೈಸೂರು: ಎರಡೂ ಛಂದಸ್ಸಿಗೆ ಕೂತವು, ಎರಡೂ ಅರ್ಥಕ್ಕೆ ಕೂತವು. ಮೊದಲ ಮೂರು ಮಾತ್ರೆ ಇಬ್ಬರಿಗೂ ಒಂದೇ ಸಿಕ್ಕಿತು, ಮುಂದಿನ ಹನ್ನೊಂದರಲ್ಲಿ ದಾರಿ ಬೇರೆಯಾಯಿತು. ಗ್ರೀಕ್ ಸಂಪಾದಕರು ಇಂಥಲ್ಲಿ ತಾವು ತುಂಬಿದ ಅಕ್ಷರಗಳನ್ನು ಚೌಕ ಕಂಸದೊಳಗೆ ಇಡುತ್ತಾರೆ. ನಿಮ್ಮಿಬ್ಬರ ಸಾಲನ್ನೂ ಹಾಗೇ ಕಂಸದೊಳಗೆ ಬರೆದಿಟ್ಟುಕೊಂಡಿದ್ದೇನೆ.