ಪದಚರ್ಚೆ: ಬಿಯರ್ ‘ಕೆಟ್ಟಿದೆ’ ಎನ್ನುವಾಗ ಕೆಟ್ಟಿದ್ದು ಯಾವುದು? ಕಮಟು, ಮುಗ್ಗು, ಬಿಸಿಲು ಬಡಿದದ್ದು ಇತ್ಯಾದಿ

ಎಲ್ಲರಿಗೂ ನಮಸ್ಕಾರ.

ಬಿಯರ್ ತಯಾರಿಸುವ ಘಟಕವೊಂದರ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದವರಿಗೆ ರುಚಿ, ವಾಸನೆಗಳ ದೋಷ ಗುರುತಿಸುವುದನ್ನು ಕಲಿಸಲು ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಲಿಯಲು ಬರುವವರು ಹೆಚ್ಚಾಗಿ ಮಂಡ್ಯ, ಚಾಮರಾಜನಗರ, ರಾಯಚೂರು ಕಡೆಯವರು. ಮೂಗು ಬಹಳ ಚುರುಕು. ಆದರೆ ಲೋಟ ಮೂಸಿ ನೋಡಿದ ಮೇಲೆ ಹಾಳೆಯಲ್ಲಿ ಬರೆಯುವುದು ಮಾತ್ರ ‘ಗುಣಮಟ್ಟ ಸರಿಯಿಲ್ಲ’ ಎಂಬ ಒಂದೇ ಸಾಲು. ನಮೂನೆಯಲ್ಲಿ ಅಚ್ಚಾಗಿರುವುದೂ ಅದೇ ಪದ.

ಈ ‘ಗುಣಮಟ್ಟ’ದಿಂದ ಕೆಲಸ ನಡೆಯುವುದಿಲ್ಲ. ಬಿಯರ್ ಹಾಳಾಗುವುದು ಒಂದೇ ದಾರಿಯಲ್ಲಲ್ಲ. ಹಾಕಿದ ಕಾಳಿನಿಂದ ಬರುವ ದೋಷ ಬೇರೆ, ಬಾಟಲಿಯಿಂದ ಬರುವುದು ಬೇರೆ, ದೂರದ ದೇಶದಿಂದ ಹಡಗಿನಲ್ಲಿ ಬಂದದ್ದಕ್ಕೆ ಬರುವುದು ಬೇರೆ. ಹೆಸರು ಬೇರೆ ಬೇರೆ ಇದ್ದರೆ ಮಾತ್ರ ಕಾರಣ ಹುಡುಕಲು ಸಾಧ್ಯ. ಅಡುಗೆಮನೆಯಲ್ಲಿ, ಗಾಣದ ಮನೆಯಲ್ಲಿ, ಕಣದಲ್ಲಿ ಇಂಥ ಪದಗಳು ನಮ್ಮಲ್ಲಿ ಧಾರಾಳವಾಗಿವೆ ಎಂಬುದು ನನ್ನ ನಂಬಿಕೆ. ಅವನ್ನು ಸರಿಯಾದ ಜಾಗದಲ್ಲಿ ಕೂರಿಸಲು ನಿಮ್ಮ ನೆರವು ಬೇಕು.

ಮೊದಲು ಬೆಳಕಿನ ದೋಷ. ಇದನ್ನು ತರಗತಿಯಲ್ಲಿ ಹೀಗೆ ತೋರಿಸುತ್ತೇವೆ: ಒಂದೇ ಬಾಟಲಿಯ ಬಿಯರನ್ನು ಎರಡು ಗಾಜಿನ ಲೋಟಕ್ಕೆ ಬಗ್ಗಿಸಿ, ಒಂದನ್ನು ಬೀರುವಿನೊಳಗೆ, ಇನ್ನೊಂದನ್ನು ಕಿಟಕಿಯ ಬಿಸಿಲಿಗೆ ಇಡುವುದು. ಬಿಸಿಲಿನ ಲೋಟ ಐಸ್ ನೀರಿನ ಬಟ್ಟಲಲ್ಲಿ ನಿಂತಿರುತ್ತದೆ. ವಾಸನೆ ತಿರುಗಿದರೆ ಅದು ಕಾವಿನಿಂದ ಆದದ್ದಲ್ಲ ಎಂದು ತಿಳಿಯಲಿ ಅಂತ. ಚಹಾ ಕುಡಿದು ಬರುವಷ್ಟರಲ್ಲಿ ಆ ಲೋಟದಿಂದ ಸುಟ್ಟ ರಬ್ಬರು, ಕೊಳೆತ ಬೆಳ್ಳುಳ್ಳಿ ಸೇರಿದಂಥ ನಾತ ಏಳುತ್ತದೆ. ಬೀರುವಿನ ಲೋಟ ಹಾಗೇ ಇರುತ್ತದೆ. ಬಿಯರಿಗೆ ಕಹಿ ಬರಲೆಂದು ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಬೆಳಕಿಗೆ ಒಡೆದು, ಬಿಯರಿನಲ್ಲೇ ಇರುವ ಗಂಧಕದ ಅಂಶದೊಡನೆ ಕೂಡಿ ಹುಟ್ಟುವ ವಾಸನೆ ಅದು. ಬೆಳಕನ್ನು ಹೀರಿ ಈ ಕೆಲಸಕ್ಕೆ ಚಾಲನೆ ಕೊಡುವುದು ಬಿಯರಿನಲ್ಲಿರುವ ರೈಬೊಫ್ಲೇವಿನ್, ಅಂದರೆ ಬಿ2 ಜೀವಸತ್ವ. ಲೀಟರಿಗೆ ಕೆಲವು ನ್ಯಾನೊಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕಂದು ಬಾಟಲಿ ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ಅಷ್ಟಕ್ಕಷ್ಟೆ, ಬಣ್ಣವಿಲ್ಲದ ಬಾಟಲಿ ತಡೆಯುವುದೇ ಇಲ್ಲ. ಬಣ್ಣವಿಲ್ಲದ ಬಾಟಲಿಗೆ ತುಂಬುವ ಕೆಲವು ಕಂಪನಿಗಳು ಇದಕ್ಕೆಂದೇ ಮಾರ್ಪಡಿಸಿದ ಹಾಪ್ಸ್ ಸಾರ ಬಳಸುತ್ತವೆ.

ಇಂಗ್ಲಿಷಿನವರು ಈ ನಾತಕ್ಕೆ ಸ್ಕಂಕ್ ಎಂಬ ಪ್ರಾಣಿಯ ಹೆಸರಿಟ್ಟಿದ್ದಾರೆ. ಅದು ಅಮೆರಿಕ ಖಂಡದ ಪ್ರಾಣಿ, ನಮ್ಮ ಹುಡುಗರು ಅದನ್ನು ಎಲ್ಲಿ ಮೂಸಬೇಕು? ಪುನುಗು ಬೆಕ್ಕು ಎಂದು ಬದಲಿಸೋಣವೆಂದರೆ ಪುನುಗು ನಮ್ಮಲ್ಲಿ ದೇವರಿಗೆ ಲೇಪಿಸುವ ಸುಗಂಧ. ಹಾಗಾಗಿ ಪ್ರಾಣಿಯನ್ನು ಬಿಟ್ಟು ಕಾರಣವನ್ನೇ ಹೆಸರಾಗಿಸುವುದು ಒಳ್ಳೆಯದೆನಿಸುತ್ತದೆ. ‘ಬೆಳಕುಗೆಟ್ಟ’ ಎಂದು ಒಬ್ಬರು ಸೂಚಿಸಿದರು, ನನಗೆ ಒಪ್ಪಿಗೆಯಾಗಲಿಲ್ಲ. ಮತಿಗೆಟ್ಟ, ಹದಗೆಟ್ಟ, ರುಚಿಗೆಟ್ಟ ಎಂಬಲ್ಲೆಲ್ಲ ಕೆಟ್ಟಿರುವುದು ಮೊದಲ ಪದವೇ. ಬೆಳಕುಗೆಟ್ಟ ಎಂದರೆ ಬೆಳಕು ಕಳೆದುಕೊಂಡದ್ದು ಎಂದಾಗುತ್ತದೆ, ಅರ್ಥ ಪೂರ್ತಿ ತಿರುಗುಮುರುಗು. ‘ಬಿಸಿಲು ಬಡಿದ’ ಎಂಬುದು ಬಾಯಿಗೆ ಸಹಜವಾಗಿ ಬರುತ್ತದೆ. ಗರ ಬಡಿದ, ಗಾಳಿ ಬಡಿದ ಎಂಬ ಸಾಲಿನದೇ. ಆದರೆ ಅಂಗಡಿಯ ಫ್ರಿಜ್ಜಿನ ಟ್ಯೂಬ್‌ಲೈಟು ಕೂಡ ನಿಧಾನವಾಗಿ ಇದೇ ಕೆಲಸ ಮಾಡುತ್ತದೆ. ‘ಬಿಸಿಲು’ ಎಂದರೆ ಕಾವಿನ ಕಡೆಗೂ ಯೋಚನೆ ಹೋಗುತ್ತದೆ. ‘ಬೆಳಕು ತಾಗಿದ’ ಎಂದರೆ ಅರ್ಥ ಖಚಿತ, ಆದರೆ ದೋಷದ ಕಟುತನ ಇಲ್ಲ. ಇವೆರಡರಲ್ಲಿ ನೀವು ಯಾವುದನ್ನು ಇಟ್ಟುಕೊಳ್ಳುವಿರಿ?

ಎರಡನೆಯದು ಗಾಳಿಯ ದೋಷ. ಇಲ್ಲಿ ನನಗೆ ಉತ್ತರ ಬಹುಮಟ್ಟಿಗೆ ಸಿಕ್ಕಿದೆ, ನೀವು ಒರೆಗೆ ಹಚ್ಚಬೇಕು. ಹಳೆಯ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಜನ ಇದಕ್ಕೆ ‘ಹಳಸಿದೆ’ ಎನ್ನುತ್ತಾರೆ. ಹಳಸುವುದು ಅನ್ನ, ಸಾರು. ಅಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿದೆ. ಪಾಶ್ಚರೀಕರಿಸಿ ಮುಚ್ಚಿದ ಬಿಯರಿನಲ್ಲಿ ಆ ಜೀವಿಗಳಿಲ್ಲ, ಆದರೂ ವಾಸನೆ ಬರುತ್ತದೆ. ಏಕೆಂದರೆ ತುಂಬುವಾಗ ಉಳಿದ, ಮುಚ್ಚಳದ ಸಂದಿಯಿಂದ ಎಳ್ಳಷ್ಟೆಳ್ಳಷ್ಟೇ ನುಸುಳಿದ ಆಮ್ಲಜನಕ ತನ್ನ ಕೆಲಸ ಮಾಡಿರುತ್ತದೆ. ರಟ್ಟಿನ ವಾಸನೆಯ ಮುಖ್ಯ ವಸ್ತು ನೊನೆನಾಲ್. ಅದರ ಮೂಲ ಕಾಳಿನಲ್ಲಿರುವ ಜಿಡ್ಡು. ಗಾಣದಿಂದ ತಂದ ಕಡಲೆಕಾಯಿ ಎಣ್ಣೆ ತಿಂಗಳುಗಟ್ಟಲೆ ಇದ್ದರೆ, ಕೊಬ್ಬರಿ ಬಟ್ಟಲು ಹಳತಾದರೆ ನಾವು ‘ಕಮಟು’ ಎನ್ನುತ್ತೇವಲ್ಲ, ಅಲ್ಲಿ ನಡೆಯುವುದೂ ಜಿಡ್ಡಿಗೆ ಗಾಳಿ ತಾಗುವ ಕ್ರಿಯೆಯೇ. ವಾಸನೆ ಎರಡೂ ಒಂದೇ ಅಲ್ಲ, ಆದರೆ ನಂಟು ಗಟ್ಟಿ. ‘ಕಮಟು’ ಇಷ್ಟು ಸರಿಯಾಗಿ ಹೊಂದುವುದನ್ನು ಕಂಡು ನನಗೆ ತುಂಬಾ ಸಂತೋಷವಾಯಿತು. ‘ಮುಗ್ಗು’ ಬೇರೆ. ಅದು ತೇವಕ್ಕೆ ಬೂಷ್ಟು ಹಿಡಿದ ಕಾಳಿನದು, ಅದನ್ನು ದಾಸ್ತಾನಿನಲ್ಲಿ ಹಾಳಾದ ಮಾಲ್ಟಿಗೆ, ಅಂದರೆ ಬಿಯರಿಗೆಂದು ಮೊಳಕೆ ಕಟ್ಟಿ ಒಣಗಿಸಿದ ಕಾಳಿಗೆ, ಮೀಸಲಿಡಬಹುದು. ಉತ್ತರ ಕರ್ನಾಟಕದವರು ‘ಖಮಟ’ ಎನ್ನುವುದನ್ನು ಕೇಳಿದ್ದೇನೆ. ಕರಾವಳಿ, ಮಲೆನಾಡಿನವರಲ್ಲಿ ‘ಕನರು’ ಇದೇ ಅರ್ಥಕ್ಕೆ ನಡೆಯುತ್ತದೆಯೋ, ಒಗರಿನ ಕಡೆಗೆ ವಾಲುತ್ತದೆಯೋ ದಯವಿಟ್ಟು ತಿಳಿಸಿ.

ಬಾಟಲಿ ಮೇಲೋ ಕ್ಯಾನು ಮೇಲೋ ಎಂಬ ಮಾತೂ ಇಲ್ಲಿಗೇ ಸೇರುತ್ತದೆ. ಕ್ಯಾನಿನಲ್ಲಿ ಬಿಯರು ಮೊದಲು ಮಾರಾಟಕ್ಕೆ ಬಂದದ್ದು 1935ರಲ್ಲಿ, ಅಮೆರಿಕದ ರಿಚ್ಮಂಡಿನಲ್ಲಿ. ಇಂದಿನ ಅಲ್ಯೂಮಿನಿಯಂ ಕ್ಯಾನಿಗೆ ಒಳಲೇಪ ಇರುವುದರಿಂದ ಲೋಹದ ರುಚಿ ಹತ್ತುವುದಿಲ್ಲ. ಬೆಳಕು ಸ್ವಲ್ಪವೂ ಒಳಗೆ ಬರದು, ಅಂಚು ಮಡಚಿ ಬಿಗಿದದ್ದರಿಂದ ಗಾಳಿಯೂ ಕಡಿಮೆ. ಬಿಯರಿನ ದೃಷ್ಟಿಯಿಂದ ಅದು ಒಳ್ಳೆಯ ಪಾತ್ರೆ. ಆದರೆ ಕೈಪಿಡಿಯಲ್ಲಿ ‘ಡಬ್ಬಿ ಬಿಯರ್’ ಎಂದು ಬರೆದರೆ ಓದುಗನ ಕಿವಿಗೆ ‘ಡಬ್ಬಾ’ ಕೇಳಿಸುತ್ತದೆ. ಡಬ್ಬಾ ಗಾಡಿ, ಡಬ್ಬಾ ಸಿನಿಮಾ ಎಂದು ಬೈದು ಬೈದು ಆ ಪದಕ್ಕೆ ಕೀಳುತನ ಅಂಟಿದೆ. ಕ್ಯಾನ್ ಎಂದೇ ಬಿಡುವುದು ನ್ಯಾಯ.

ಇನ್ನು ಒಳಗೆ ಹಾಕುವ ಪದಾರ್ಥಗಳು. ‘ಮಾಲ್ಟ್’ ಕನ್ನಡಕ್ಕೆ ಬಂದು ಬಹಳ ಕಾಲವಾಯಿತು, ಆದರೆ ರಾಗಿ ಮಾಲ್ಟಿನ ದಾರಿಯಲ್ಲಿ. ಬೇಸಿಗೆಯಲ್ಲಿ ಗಾಡಿಯವರು ಮಾರುವ ರಾಗಿ ಮಾಲ್ಟು ಎಷ್ಟೋ ಸಲ ಬರೀ ಹಿಟ್ಟಿನ ಗಂಜಿ, ಮೊಳಕೆ ಕಟ್ಟಿದ್ದಲ್ಲ. ಬಿಯರಿಗೆ ಮೊಳಕೆಯೇ ಜೀವಾಳ. ಜವೆಗೋದಿಯನ್ನು ನೆನೆಸಿ, ಕೆಲವು ದಿನ ಮೊಳೆಯಿಸಿ, ಬಿಸಿಗಾಳಿಯಲ್ಲಿ ಒಣಗಿಸಿದಾಗ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಕಾಳಿನಲ್ಲಿ ಸಿದ್ಧವಾಗುತ್ತವೆ. ಆದ್ದರಿಂದ ಕೈಪಿಡಿಯಲ್ಲಿ ‘ಮೊಳಕೆಗಾಳು’ ಎಂದು ಬಳಸಿ, ಮೊದಲ ಸಲ ಬಂದಾಗ ಮಾಲ್ಟ್ ಎಂದು ಸೂಚಿಸುತ್ತಿದ್ದೇನೆ.

‘ಕಿಣ್ವ’ದ ಕಥೆ ಇನ್ನೂ ಸೊಗಸು. ಶಾಲೆಯ ಪಠ್ಯದಲ್ಲಿ ಅದು ಎನ್‌ಜೈಮ್. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವವೆಂದರೆ ಮದ್ಯಕ್ಕೆ ಹಾಕುವ ಹುದುಗು. ಉದ್ದು, ಅಕ್ಕಿ ಸೇರಿಸಿ ಅದನ್ನು ಕಟ್ಟುವ ವಿಧಾನವನ್ನೂ ಅಲ್ಲಿ ಹೇಳಿದೆ. ಇಂದು ಅದನ್ನು ಯೀಸ್ಟಿಗೆ ಹಿಂದಿರುಗಿಸಲು ಹೋದರೆ ಗೊಂದಲ, ಹಾಗಾಗಿ ಯೀಸ್ಟಿಗೆ ‘ಹುದುಗು’ ಸಾಕು. ಯೀಸ್ಟು ಕೆಲಸ ಮುಗಿಸುವ ಮೊದಲೇ ಅವಸರದಲ್ಲಿ ತಣಿಸಿ ಬೇರ್ಪಡಿಸಿದರೆ ಬಿಯರಿಗೆ ಬೆಣ್ಣೆಯ ವಾಸನೆ ಉಳಿಯುತ್ತದೆ. ಡೈಅಸಿಟೈಲ್ ಎಂಬ ವಸ್ತು ಅದು. ಹುದುಗಿಗೆ ಇನ್ನೆರಡು ದಿನ ಕೊಟ್ಟರೆ ತಾನೇ ಹೀರಿಕೊಳ್ಳುತ್ತದೆ. ಇದನ್ನು ದೋಷವೆಂದು ಕಲಿಸುವುದು ಬಲು ಕಷ್ಟ, ಬೆಣ್ಣೆಯ ವಾಸನೆ ಯಾರಿಗೆ ಬೇಡ?

ಕೈಪಿಡಿಯಲ್ಲಿ ಕಟ್ಟುನಿಟ್ಟಾಗಿ ಬೇಡವೆನ್ನಬೇಕಾದ ಒಂದು ಪದ ‘ಕಲಬೆರಕೆ’. ಅಕ್ಕಿ, ಮುಸುಕಿನ ಜೋಳ ಸೇರಿಸಿದ ಬಿಯರಿಗೆ ಜನ ಸಲೀಸಾಗಿ ಹಾಗೆನ್ನುತ್ತಾರೆ. ಬವೇರಿಯಾದಲ್ಲಿ 1516ರಲ್ಲಿ ಜವೆಗೋದಿ, ಹಾಪ್ಸ್, ನೀರು ಇಷ್ಟೇ ಇರಬೇಕೆಂದು ಕಟ್ಟಳೆಯಾಯಿತು. ಮುಂದೆ ಅದರ ಆಧಾರದ ಮೇಲೆ ಹೊರದೇಶದ ಬಿಯರನ್ನು ತಡೆಯುತ್ತಿದ್ದ ಜರ್ಮನಿಯ ನಿಯಮ ಸರಿಯಲ್ಲವೆಂದು ಯುರೋಪಿನ ನ್ಯಾಯಾಲಯ 1987ರಲ್ಲಿ ತೀರ್ಪು ಕೊಟ್ಟಿತು. ಬೆಲ್ಜಿಯಂನವರು ಗೋದಿ ಬಿಯರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ, ಅದು ಅಲ್ಲಿನ ಹೆಮ್ಮೆ. ಅಕ್ಕಿ ಹಾಕಿದರೆ ಬಿಯರ್ ತೆಳುವಾಗುತ್ತದೆ, ರುಚಿ ಹಗುರವಾಗುತ್ತದೆ. ಇಷ್ಟವಾಗದಿದ್ದರೆ ಹಾಗೆ ಹೇಳಬಹುದು, ಆದರೆ ಕಲಬೆರಕೆ ಎಂದರೆ ಮೋಸದ ಆರೋಪ. ‘ಜೊತೆಗಾಳು’ ಹೇಗಿದೆ?

ಇದಕ್ಕೆ ಹೊಂದಿಕೊಂಡೇ ‘ಗ್ಲಿಸರಿನ್ ಇಳಿಸುವುದು’ ಎಂಬ ಮಾತಿದೆ. ತೆರೆದ ಬಾಟಲಿಯ ಬಾಯನ್ನು ನೀರಿನ ಲೋಟದಲ್ಲಿ ಬೋರಲು ಹಾಕಿದರೆ ಕೆಳಗೆ ಎಣ್ಣೆಯಂತೆ ಎಳೆ ಎಳೆಯಾಗಿ ಇಳಿಯುವುದು ಬಿಯರಿಗೆ ಬೆರೆಸಿದ ಗ್ಲಿಸರಿನ್ ಎಂದು ಹುಡುಗರು ಇಂದಿಗೂ ನಂಬುತ್ತಾರೆ. ಇಳಿಯುವುದು ಬಿಯರೇ. ಉಳಿದ ಸಕ್ಕರೆಯಂಶದಿಂದ ಅದು ನೀರಿಗಿಂತ ತುಸು ಭಾರ, ಅದಕ್ಕೇ ಕೆಳಗಿಳಿದು ನೀರು ಬಾಟಲಿಗೆ ಏರುತ್ತದೆ. ಕುಡಿಯುವವನಿಗೆ ಸಿಗುವುದು ನೀರು ಬೆರೆತ ಬಿಯರು.

ಕೊನೆಗೆ ದೇಶ. ‘ಯಾವ ದೇಶದ ಬಿಯರ್?’ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ: ಹೆಸರು ಹುಟ್ಟಿದ್ದೆಲ್ಲಿ, ಈ ಬಾಟಲಿಯೊಳಗಿನದು ತಯಾರಾದದ್ದೆಲ್ಲಿ. ಹೈನೆಕೆನ್ ಡಚ್ಚರದು, ಆದರೆ ಭಾರತದಲ್ಲೂ ತಯಾರಾಗುತ್ತದೆ. ಜರ್ಮನಿಯ ಬ್ರೆಮೆನ್ ಊರಿನ ಬೆಕ್ಸ್ ಬಿಯರನ್ನು ಅಮೆರಿಕದ ಮಾರುಕಟ್ಟೆಗಾಗಿ 2012ರಿಂದ ಸೇಂಟ್ ಲೂಯಿಸಿನಲ್ಲೇ ತಯಾರಿಸತೊಡಗಿದರು. ಪೊಟ್ಟಣದ ಮೇಲೆ ಬ್ರೆಮೆನ್ನಿನಲ್ಲಿ ಹುಟ್ಟಿದ್ದು ಎಂಬ ಮಾತು ಇತ್ತು. ಮೋಸ ಹೋದೆವೆಂದು ಗ್ರಾಹಕರು ಮೊಕದ್ದಮೆ ಹೂಡಿ, 2015ರಲ್ಲಿ ರಾಜಿಯಾಯಿತು. ಪಿಲ್ಸ್‌ನರ್ ಎಂಬುದೂ ಊರಿನ ಹೆಸರೇ. ಬೊಹೇಮಿಯಾದ ಪಿಲ್ಸೆನ್ನಿನಲ್ಲಿ 1842ರಲ್ಲಿ, ಅಲ್ಲಿನ ಮೃದು ನೀರಿನಲ್ಲಿ ಹುಟ್ಟಿದ ಬಗೆ. ಇಂದು ಲೋಕದ ಯಾವ ಮೂಲೆಯಲ್ಲಾದರೂ ಪಿಲ್ಸ್‌ನರ್ ಮಾಡುತ್ತಾರೆ, ಪದ ಊರನ್ನು ಬಿಟ್ಟು ಬಗೆಯನ್ನಷ್ಟೇ ಹೇಳುತ್ತದೆ. ಕೋಲ್ಷ್ ಎಂಬ ಜರ್ಮನ್ ಬಿಯರಿನ ಹೆಸರು ಹಾಗಲ್ಲ. ನಂಜನಗೂಡು ರಸಬಾಳೆಯಂತೆ ಅದಕ್ಕೂ ಭೌಗೋಳಿಕ ರಕ್ಷಣೆ ಇದ್ದು, ಯುರೋಪಿನಲ್ಲಿ ಕಲೋನ್ ನಗರದ ಆಸುಪಾಸಿನವರಷ್ಟೇ ಆ ಹೆಸರು ಬಳಸಬಹುದು.

ನಮ್ಮಲ್ಲಂತೂ ‘ಭಾರತದಲ್ಲಿ ತಯಾರಾದ ವಿದೇಶಿ ಮದ್ಯ’ ಎಂಬುದು ಸರ್ಕಾರಿ ಮಾತೇ ಆಗಿಹೋಗಿದೆ. ‘ವಿದೇಶಿ’ ಎಂದರೆ ಕನ್ನಡದಲ್ಲಿ ಮದ್ಯದ ಮಟ್ಟಿಗೆ ಬಗೆ, ದೇಶವಲ್ಲ. ಹೀಗಿರುವಾಗ ‘ವಿದೇಶಿ ಬಿಯರ್ ಗುಣಮಟ್ಟದಲ್ಲಿ ಮೇಲು’ ಎಂಬ ಮಾತಿಗೆ ಅರ್ಥವೇ ನಿಲ್ಲುವುದಿಲ್ಲ. ನಿಜವಾಗಿ ಹಡಗಿನಲ್ಲಿ ಬಂದ ಬಿಯರು ಬಿಸಿಯಾದ ಕಂಟೇನರಿನಲ್ಲಿ ವಾರಗಟ್ಟಲೆ ಕುದ್ದು, ಗೋದಾಮಿನಲ್ಲಿ ಕಾದು ನಮ್ಮ ಕೈಗೆ ಬರುವಾಗ ಕಮಟಾಗಿರುವ ಸಂಭವವೇ ಹೆಚ್ಚು. ಕಾವು ಏರಿದಂತೆ ಹಳತಾಗುವ ವೇಗವೂ ಏರುತ್ತದೆ. ಹುಟ್ಟೂರಿನಲ್ಲಿ ಅದೇ ಬಿಯರು ತಾಜಾ ಇದ್ದಾಗ ಬೇರೆಯೇ ರುಚಿ. ಕೊಳ್ಳುವವರು ದೇಶದ ಹೆಸರಿಗಿಂತ ಮೊದಲು ತಯಾರಾದ ತಾರೀಖು ನೋಡಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇಲ್ಲಿ ನನಗೆ ಬೇಕಾದದ್ದು ‘ಬ್ರೂ’ ಎಂಬುದಕ್ಕೊಂದು ಕ್ರಿಯಾಪದ. ಪತ್ರಿಕೆಗಳಲ್ಲಿ ‘ಬಿಯರ್ ಬಟ್ಟಿ ಇಳಿಸುವ’ ಎಂದು ಕಾಣುತ್ತದೆ. ಬಟ್ಟಿ ಇಳಿಸುವುದು ಆವಿ ಹಿಡಿದು ತಣಿಸುವ ಕೆಲಸ, ಸಾರಾಯಿಯದು. ಬಿಯರಿನಲ್ಲಿ ಆ ಹಂತವೇ ಇಲ್ಲ. ಕಾಳಿನ ರಸ ತೆಗೆದು, ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಹುದುಗಿಸುವುದಷ್ಟೇ. ‘ಕಳ್ಳು ಇಳಿಸು’ ಎಂಬುದು ಮರದಿಂದ ಇಳಿಸುವುದು. ‘ತಯಾರಿಸು’ ಸೋಪಿಗೂ ನಡೆಯುತ್ತದೆ. ‘ಕಾಯಿಸು’ ಎಂದರೆ ಹುದುಗುವ ಭಾಗ ಬಿಟ್ಟುಹೋಗುತ್ತದೆ, ‘ಹುದುಗಿಸು’ ಎಂದರೆ ಕುದಿಸುವ ಭಾಗ. ಲೇಬಲ್ಲಿನ ಮೇಲೆ ‘ಹೆಸರಿನ ಹುಟ್ಟೂರು’, ‘ಹುದುಗಿಸಿದ ಊರು’ ಎಂದು ಎರಡು ಸಾಲು ಇರಲಿ ಎಂಬುದು ನನ್ನ ಆಸೆ. ಎರಡನೆಯದಕ್ಕೆ ಇದಕ್ಕಿಂತ ಒಳ್ಳೆಯ ಪದ ನಿಮ್ಮ ಊರಿನ ಬಳಕೆಯಲ್ಲಿದ್ದರೆ, ಹೆಂಡ, ಸೇಂದಿ, ಅಂಬಲಿ, ಕಾಡಿಗಂಜಿ ಯಾವುದರ ಸಂದರ್ಭದಲ್ಲಾದರೂ ಸರಿ, ಯಾವ ಸೀಮೆಯದೆಂದು ತಿಳಿಸಿ ಬರೆಯಿರಿ.