ಪುಟ್ಟಿ ಕೆಲಸದ ವಿಚಾರಕ್ಕೆ

ಅಕ್ಕಾ, ನಿನ್ನ ಮೆಸೇಜು ಈಗ ಕೇಳಿಸ್ಕೊಂಡೆ. ಪುಟ್ಟಿದು ಆರ್ಟ್ಸ್ ಪಿಯುಸಿ ಮುಗೀತು, ಲೆಕ್ಕ ಅಂದ್ರೆ ಹೆದರ್ತಾಳೆ, ಭಾವ ಡಿಗ್ರಿ ಜೊತೆಗೇ ಬ್ಯಾಂಕ್ ಕೋಚಿಂಗಿಗೆ ಹಾಕ್ತೀನಿ ಅಂತಿದಾರೆ, ಬೇರೆ ದಾರಿ ಐತೇನು ಅಂತ ಕೇಳಿದೀಯಲ್ಲ, ಅದಕ್ಕೆ ಹೇಳ್ತೀನಿ.

ಭಾವಾ, ಬೇಜಾರು ಮಾಡ್ಕೋಬ್ಯಾಡ್ರಿ, ಬ್ಯಾಂಕ್ ಬ್ಯಾಡ. ಕ್ಲರ್ಕ್ ಪ್ರಿಲಿಮ್ಸ್‌ನಾಗೆ (ಮೊದಲ್ನೇ ಸುತ್ತಿನ ಪರೀಕ್ಷೆ) 100 ಅಂಕಕ್ಕೆ 35 ಬರೀ ಲೆಕ್ಕದ್ದೇ. ಮೇನ್ಸ್‌ನಾಗೂ ಬಿಡಲ್ಲ. ಪಾಸಾದ್ಲು ಅಂತ್ಲೇ ಇಟ್ಕೊಳ್ರಿ, ಆಮೇಲೆ ಕ್ಯಾಷ್ ಕೌಂಟರಿಗೆ ಕೂರಬೇಕು. ನಾನು ಒಂದು ಸೊಸೈಟೀಲಿ ಎರಡು ವರ್ಷ ಕ್ಯಾಷ್ ನೋಡಿದ್ನಲ್ಲ, ಸಂಜೆ ಟ್ಯಾಲಿ ಆಗದೆ ಎಷ್ಟು ಸಲ ಕೈಯಿಂದ ತುಂಬಿದೀನಿ ಗೊತ್ತಾ? ಅಪ್ಪಾಜಿಗೂ ಹೇಳಿರ್ಲಿಲ್ಲ. ರಾತ್ರಿ ಎದ್ದು ಕೂತು ನೋಟು ಎಣಿಸ್ದಂಗೆ ಆಗೋದು. ಆ ಸಂಕಟ ಆ ಮಗೀಗೆ ಬ್ಯಾಡ.

ಈಗ ಕೋರ್ಟ್‌ನಾಗೆ ಸ್ಟೆನೋ ಆಗಿ ನೆಮ್ಮದಿಯಾಗಿದೀನಿ. ಕನ್ನಡ, ಇಂಗ್ಲಿಷ್ ಎರಡರಾಗೂ ಸೀನಿಯರ್ ಟೈಪಿಂಗ್, ಶಾರ್ಟ್‌ಹ್ಯಾಂಡ್ ಪಾಸು ಮಾಡ್ಕೋಬೇಕು, ಬೆರಳು ಪಳಗೋ ತನಕ ಕಷ್ಟ. ಕೇಸ್ ನಂಬರು, ತಾರೀಖು, ಚೆಕ್ಕಿನ ಮೊತ್ತ ಎಲ್ಲಾ ಬರ್ತಾವೆ, ಆದ್ರೆ ಸಾಹೇಬ್ರು ಹೇಳಿದ್ದನ್ನ ತಪ್ಪಿಲ್ಲದಂಗೆ ಬರೀಬೇಕು ಅಷ್ಟೆ, ಕೂಡಿ ಕಳೆಯೋದಿಲ್ಲ. ಪುಟ್ಟಿಗೆ ಅಂಕಿ ಕಂಡ್ರೆ ಭಯನೋ, ಲೆಕ್ಕ ಹಾಕೋದು ಭಯನೋ, ಮೊದ್ಲು ಅದನ್ನ ಕೇಳು.

ನರ್ಸಿಂಗ್ ಅಂತ ಅಮ್ಮ ಅಂದ್ಳಂತೆ. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ 3 ವರ್ಷ, ಆರ್ಟ್ಸ್ ಓದಿದ್ರೂ ಸೇರ್ಬೋದು. ಆದ್ರೆ ಇಂಜೆಕ್ಷನ್ ಎಷ್ಟು ಎಂ.ಎಲ್. ಅಂತ ಲೆಕ್ಕ ಹಾಕೋದು ಇದ್ದೇ ಇರ್ತೈತೆ, ಅಲ್ಲಿ ತಪ್ಪಂಗಿಲ್ಲ. ಪ್ರೈಮರಿ ಟೀಚರಾಗೋಕೆ ಡಿ.ಎಡ್. ಮಾಡಿದ್ರೆ ಮಕ್ಕಳಿಗೆ ಗಣಿತಾನೂ ಹೇಳ್ಕೊಡಬೇಕು. ಕನ್ನಡ ಮೇಜರ್ ಮಾಡಿ ಬಿ.ಎಡ್. ಮಾಡಿದ್ರೆ ಹೈಸ್ಕೂಲಿನಾಗೆ ಬರೀ ಕನ್ನಡ, ಅದು ಬೇರೆ ಮಾತು.

ನನ್ನ ಮನಸಿನಾಗಿರೋದು ಮಾತ್ರ ನಮ್ಮ ದಾವಣಗೆರೆ ದೃಶ್ಯಕಲಾ ಕಾಲೇಜು. 1964ರಿಂದ ಐತೆ, ಈಗ ಯೂನಿವರ್ಸಿಟಿದು. 4 ವರ್ಷದ ಬಿ.ವಿ.ಎ., ಅಂದ್ರೆ ದೃಶ್ಯಕಲೆ ಡಿಗ್ರಿ. ಅದ್ರಾಗೆ ಅನ್ವಯಿಕ ಕಲೆ ತಗೊಂಡ್ರೆ ಜಾಹೀರಾತು, ಪುಸ್ತಕದ ಮುಖಪುಟ, ಪ್ಯಾಕೆಟ್ ಮೇಲಿನ ಡಿಸೈನು ಎಲ್ಲಾ ಕಲೀಬೋದು. ಅಳತೆ ಇರ್ತೈತೆ, ಇಂಚು ಅಡಿ, ಅಷ್ಟು ಅವಳು ಮಾಡ್ತಾಳೆ. ದಸರಾದಾಗೆ ನಮ್ಮನೆ ಅಂಗಳಕ್ಕೆ 21 ಚುಕ್ಕಿ ರಂಗೋಲಿ ಒಂದೂ ತಪ್ಪದಂಗೆ ಹಾಕಿದ್ಲಲ್ಲ!

ಬುಧವಾರ ಅರ್ಧ ದಿನ ರಜೆ ಹಾಕ್ತೀನಿ, ಅವಳನ್ನ ಕರ್ಕೊಂಡು ಬಾ, ಕಾಲೇಜಿಗೆ ಹೋಗಿ ವಿಚಾರಿಸೋಣ. ಭಾವಾನೂ ಬರ್ಲಿ. ಅವಳ ಚಿತ್ರದ ಪುಸ್ತಕ ಮರೀಬ್ಯಾಡ ಮತ್ತೆ.