ಎಚ್. ಪೈಲೋರಿ ಹೋಯಿತೋ ಇಲ್ಲವೋ: ಯಾವ ಪರೀಕ್ಷೆ, ಯಾವಾಗ?

ಪ್ರಶ್ನೆ: ಹೊಟ್ಟೆಯಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ ಎಚ್. ಪೈಲೋರಿಗೆ ಕೊಟ್ಟ 14 ದಿನದ ಮಾತ್ರೆ ಕೋರ್ಸ್ ಮುಗಿದಿದೆ. ಸೋಂಕು ಪೂರ್ತಿ ಹೋಗಿದೆಯೇ ಅಂತ ನೋಡಲು ರಕ್ತಪರೀಕ್ಷೆ ಸಾಕಾ? ಆಮ್ಲ ತಗ್ಗಿಸುವ ಮಾತ್ರೆ ಪ್ಯಾಂಟೊಪ್ರಜೋಲ್ ಇನ್ನೂ ನಡೆಯುತ್ತಿದೆ.

ಉತ್ತರ 1: ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ. ಬ್ಯಾಕ್ಟೀರಿಯಾ ಸತ್ತರೂ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ, ಪಾಸಿಟಿವ್ ಅಂತಲೇ ಬರುತ್ತದೆ. ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜನ್ (ಬ್ಯಾಕ್ಟೀರಿಯಾದ ಅಂಶ ಹುಡುಕುವ) ಪರೀಕ್ಷೆ ಮಾಡಿಸಿ. ಆಂಟಿಬಯಾಟಿಕ್, ಬಿಸ್ಮತ್ (ಕೆಲವು ಕೋರ್ಸ್‌ಗಳಲ್ಲಿ ಜೊತೆಗೆ ಕೊಡುವ ಔಷಧ) ನಿಂತು ಕನಿಷ್ಠ 4 ವಾರ ಆಗಿರಬೇಕು. ಪ್ಯಾಂಟೊಪ್ರಜೋಲ್ 2 ವಾರ ಮೊದಲೇ ನಿಲ್ಲಬೇಕು, ಇಲ್ಲದಿದ್ದರೆ ಸೋಂಕಿದ್ದೂ ನೆಗೆಟಿವ್ ಬರಬಹುದು. ಹುಣ್ಣಿನಿಂದ ರಕ್ತಸ್ರಾವ ಆಗಿದ್ದವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು.

ಉತ್ತರ 2: ಉಸಿರಿನ ಪರೀಕ್ಷೆ ಖಾಲಿ ಹೊಟ್ಟೆಯಲ್ಲಿ. ಮೊದಲು ಒಂದು ಚೀಲಕ್ಕೆ ಊದಿಸುತ್ತಾರೆ, ಕಾರ್ಬನ್-13 ಇರುವ ಯೂರಿಯಾ ಕುಡಿಸುತ್ತಾರೆ, ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಬ್ಯಾಕ್ಟೀರಿಯಾದ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದರೆ ಎರಡನೇ ಚೀಲದಲ್ಲಿ ಆ ಕಾರ್ಬನ್ ಏರಿರುತ್ತದೆ, ಅಷ್ಟೇ ಲೆಕ್ಕ. ಪಾಸಿಟಿವ್ ಬಂದರೆ ಹಳೇ ಚೀಟಿ ಹಿಡಿದು ಅದೇ ಆಂಟಿಬಯಾಟಿಕ್ ಕ್ಲಾರಿಥ್ರೋಮೈಸಿನ್ ತರಬೇಡಿ. ಸೋತಿದ್ದಕ್ಕೆ ಸಾಮಾನ್ಯ ಕಾರಣ ಆ ಔಷಧಕ್ಕೆ ಪ್ರತಿರೋಧ, ಇಲ್ಲವೇ ನಡುವೆ ತಪ್ಪಿಸಿದ ಡೋಸ್.

ಉತ್ತರ 3: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಎಚ್. ಪೈಲೋರಿಯನ್ನು ಮೊದಲ ಗುಂಪಿನ (ಅಂದರೆ ಖಚಿತ) ಕ್ಯಾನ್ಸರ್‌ಕಾರಕ ಎಂದಿತು. ಸೋಂಕಿರುವ ಬಹುಪಾಲು ಮಂದಿಗೆ ಕ್ಯಾನ್ಸರ್ ಬರುವುದಿಲ್ಲ, ಗಾಬರಿ ಬೇಡ. ಆದರೆ ಬಯಾಪ್ಸಿ ವರದಿಯಲ್ಲಿ ‘ಇಂಟೆಸ್ಟೈನಲ್ ಮೆಟಾಪ್ಲಾಸಿಯಾ’ (ಜಠರದ ಒಳಪದರ ಕರುಳಿನ ಪದರದಂತೆ ಬದಲಾಗಿರುವುದು) ಅಂತಿದ್ದರೆ, ಸೋಂಕು ಹೋದ ಮೇಲೂ ಎಂಡೋಸ್ಕೋಪಿ ಮತ್ತೆ ಯಾವಾಗ ಬೇಕು ಅಂತ ಕೇಳಿಕೊಳ್ಳಿ.